ಸ್ಟಾರ್ಚ್ ಅಸಿಟೇಟ್ ಅಳೆಯೋಕೆ ಎಫ್‌ಟಿಐಆರ್, ಎನ್‌ಎಂಆರ್, ಟೈಟ್ರೇಶನ್: ನನ್ನ ಓಟು ಯಾವುದಕ್ಕೆ

ದಾವಣಗೆರೆಯಲ್ಲಿ ಸ್ಟಾರ್ಚ್ ಮೇಲೆ ಕೆಲಸ ಮಾಡುವವರಿಗೆ ಕಚ್ಚಾವಸ್ತುವಿನ ಚಿಂತೆ ಇಲ್ಲ. ಸುತ್ತಮುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳ. ಚಿಂತೆ ಇರುವುದು ಅಳತೆಯದ್ದು. ಅಸಿಟಿಕ್ ಅನ್‌ಹೈಡ್ರೈಡ್ ಹಾಕಿ ಸ್ಟಾರ್ಚ್ ಅಸಿಟೇಟ್ ಮಾಡಿದ ಮೇಲೆ, ಒಂದು ಗ್ಲೂಕೋಸ್ ಘಟಕದ ಮೂರು ಓಎಚ್ (ಹೈಡ್ರಾಕ್ಸಿಲ್) ಗುಂಪುಗಳಲ್ಲಿ ಸರಾಸರಿ ಎಷ್ಟಕ್ಕೆ ಅಸಿಟೈಲ್ ಕೂತಿದೆ ಅಂತ ತಿಳಿಯಬೇಕಲ್ವಾ? ಅದೇ ಡಿಎಸ್ (ಡಿಗ್ರಿ ಆಫ್ ಸಬ್‌ಸ್ಟಿಟ್ಯೂಶನ್), 0ಯಿಂದ 3ರವರೆಗೆ. ಎಫ್‌ಟಿಐಆರ್ (ಸ್ಯಾಂಪಲ್ ಯಾವ ಇನ್‌ಫ್ರಾರೆಡ್ ಬೆಳಕನ್ನು ಹೀರುತ್ತದೆ ಅಂತ ನೋಡುವುದು), ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ಹೈಡ್ರೋಜನ್‌ಗಳ ಸಂಕೇತ ಓದುವುದು), ಟೈಟ್ರೇಶನ್ (ಕ್ಷಾರದಿಂದ ಅಸಿಟೈಲ್ ಬಿಡಿಸಿ, ಉಳಿದ ಕ್ಷಾರವನ್ನು ಆಮ್ಲದಿಂದ ಅಳೆಯುವುದು), ಈ ಮೂರು ವಿಧಾನಗಳನ್ನೂ ಬಳಸಿ ನೋಡಿದ್ದೇನೆ. ದಿನನಿತ್ಯದ ಕೆಲಸಕ್ಕೆ ನನಗೆ ಎಟಿಆರ್ (ಪುಡಿಯನ್ನು ನೇರ ಹರಳಿನ ಮೇಲೆ ಒತ್ತಿ ಅಳೆಯುವ ಜೋಡಣೆ) ಇರುವ ಎಫ್‌ಟಿಐಆರೇ ಇಷ್ಟ.

ಎನ್‌ಎಂಆರ್ ನಿಖರ, ಒಪ್ಪುತ್ತೇನೆ. ಆದರೆ ನೀರು ಬಹಳ ಕಾಡುತ್ತದೆ. ದುಡ್ಡು ಕಟ್ಟಿ ಹೊರಗಿನ ಲ್ಯಾಬಿಗೆ ಕಳಿಸಿದ ಸ್ಯಾಂಪಲ್‌ನ ಸ್ಪೆಕ್ಟ್ರಂ ಬಂದಾಗ 3.3 ಪಿಪಿಎಂ (ಇಲ್ಲಿ ಇದು ಸ್ಪೆಕ್ಟ್ರಂನಲ್ಲಿ ಪೀಕಿನ ಜಾಗ ಹೇಳುವ ಅಳತೆ) ಹತ್ತಿರ ನೀರಿನ ದೊಡ್ಡ ಪೀಕ್ ಎದ್ದು ನಿಂತಿತ್ತು. ಸ್ಯಾಂಪಲ್ ಕರಗಿಸುವ ದ್ರಾವಕ ಡ್ಯೂಟರೇಟೆಡ್ (ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರುವ) ಡಿಎಂಎಸ್ಒದಲ್ಲಿ ನೀರು ಕಾಣಿಸುವುದೇ ಅಲ್ಲಿ. ಸ್ಟಾರ್ಚಿನ ರಿಂಗ್ ಪ್ರೋಟಾನುಗಳೂ (ಗ್ಲೂಕೋಸ್ ಘಟಕದ ಕಾರ್ಬನ್‌ಗಳಿಗೆ ಅಂಟಿದ 7 ಹೈಡ್ರೋಜನ್‌ಗಳು) ಅದೇ ಜಾಗದಲ್ಲಿ ಶುರುವಾಗುತ್ತವೆ.

ಲೆಕ್ಕ ಹೀಗಿದೆ. 2 ಪಿಪಿಎಂ ಬಳಿಯ ಅಸಿಟೈಲ್ ಪೀಕಿನ ಏರಿಯಾವನ್ನು 3ರಿಂದ (ಅಸಿಟೈಲಿನ ಹೈಡ್ರೋಜನ್‌ಗಳು ಮೂರು), ರಿಂಗಿನ ಏರಿಯಾವನ್ನು 7ರಿಂದ ಭಾಗಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ರಿಂಗಿನ ಏರಿಯಾಗೆ ನೀರು, ಉಳಿದ ಓಎಚ್‌ಗಳು ಸೇರಿಕೊಂಡರೆ ಡಿಎಸ್ ಇರುವುದಕ್ಕಿಂತ ಕಡಿಮೆ ಬರುತ್ತದೆ. ಸ್ಟಾರ್ಚ್ ಒಣಗಿದಂತೆ ಕಂಡರೂ ಶೇ. 10ಕ್ಕಿಂತ ಜಾಸ್ತಿ ತೇವ ಹಿಡಿದಿರುತ್ತದೆ. ಡಿಎಂಎಸ್ಒ ಕೂಡ ಗಾಳಿಯ ತೇವ ಹೀರುತ್ತದೆ. ಇದಕ್ಕೆ ಮದ್ದು ಇದೆ: ವ್ಯಾಕ್ಯೂಮ್ ಓವನ್‌ನಲ್ಲಿ ಚೆನ್ನಾಗಿ ಒಣಗಿಸಬೇಕು, ಟ್ಯೂಬಿಗೆ ಡ್ಯೂಟರೇಟೆಡ್ ಟಿಎಫ್ಎ ಅನ್ನೋ ಆಮ್ಲ ಒಂದೆರಡು ಹನಿ ಹಾಕಿಸಬೇಕು. ಆಗ ನೀರು ಮತ್ತು ಓಎಚ್ ಪೀಕುಗಳು ರಿಂಗಿನ ಜಾಗ ಬಿಟ್ಟು ಎಡಕ್ಕೆ ಸರಿಯುತ್ತವೆ. ಆದರೆ ಇದನ್ನು ಲ್ಯಾಬಿನವರು ತಾವಾಗಿ ಮಾಡಲ್ಲ, ಸ್ಯಾಂಪಲ್ ಫಾರ್ಮಿನಲ್ಲೇ ಬರೆದು ಕೊಡಬೇಕು. ಇಲ್ಲದಿದ್ದರೆ ಎರಡನೇ ಸಲಕ್ಕೂ ಪೂರ್ತಿ ಫೀಸು.

ಎಟಿಆರ್‌ನಲ್ಲಿ ಈ ಗೋಳಿಲ್ಲ. ಚಿಟಿಕೆ ಪುಡಿ ಇಟ್ಟು ಒತ್ತಿದರೆ ನಿಮಿಷದಲ್ಲಿ ಸ್ಪೆಕ್ಟ್ರಂ. ನೀರಿನ ಪೀಕ್ 1640ರಲ್ಲಿ (ಈ ಅಂಕಿಗಳೆಲ್ಲ cm⁻¹ನಲ್ಲಿ, ಎಫ್‌ಟಿಐಆರ್‌ನಲ್ಲಿ ಪೀಕಿನ ಜಾಗ), ಎಸ್ಟರ್ ಪೀಕ್ 1740ರ ಹತ್ತಿರ, ಬೇರೆಬೇರೆಯಾಗಿ ಕಾಣುತ್ತವೆ. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ಸರಿಯಾಗಿ ತೊಳೆಯದೆ ಅಸಿಟಿಕ್ ಆಮ್ಲ ಉಳಿದಿದ್ದರೆ 1700ರ ಹತ್ತಿರ, ಅನ್‌ಹೈಡ್ರೈಡ್ ಉಳಿದಿದ್ದರೆ 1760-1840ರ ನಡುವೆ ಗೊತ್ತಾಗುತ್ತದೆ. ಟೈಟ್ರೇಶನ್‌ಗೆ ಈ ವ್ಯತ್ಯಾಸ ತಿಳಿಯಲ್ಲ. ಮೊದಲೇ ನ್ಯೂಟ್ರಲ್ ಮಾಡಿಕೊಳ್ಳದಿದ್ದರೆ ಉಳಿದ ಆಮ್ಲವನ್ನೂ ಅಸಿಟೈಲ್ ಲೆಕ್ಕಕ್ಕೇ ಸೇರಿಸುತ್ತದೆ.

ಎಟಿಆರ್ ಬದಲು ಪುಡಿಯನ್ನು ಪೊಟ್ಯಾಸಿಯಂ ಬ್ರೋಮೈಡ್ ಜೊತೆ ಒತ್ತಿ ಮಾಡುವ ಕೆಬಿಆರ್ ಬಿಲ್ಲೆ ಮಾತ್ರ ಬೇಡ. ಮಳೆಗಾಲದಲ್ಲಿ ತೇವ ಹೀರಿ ಮಬ್ಬಾಗುತ್ತದೆ.

ಎಫ್‌ಟಿಐಆರ್ ಸುಮ್ನೆ ಡಿಎಸ್ ಕೊಡುವುದಿಲ್ಲ ಅನ್ನುವುದು ನಿಜ. 1740ರ ಪೀಕನ್ನು ಸ್ಟಾರ್ಚಿನ ಸ್ವಂತ ಸಿ-ಒ ಪೀಕಿಗೆ ಹೋಲಿಸಿ, ಡಿಎಸ್ ಗೊತ್ತಿರುವ ಸ್ಯಾಂಪಲ್‌ಗಳಿಂದ ಕ್ಯಾಲಿಬ್ರೇಶನ್ ಗೆರೆ ಎಳೆದುಕೊಳ್ಳಬೇಕು. ಆಹಾರಕ್ಕೆ ಬಳಸುವ ಸ್ಟಾರ್ಚ್ ಅಸಿಟೇಟ್‌ನಲ್ಲಿ ಅಸಿಟೈಲ್ ಶೇ. 2.5 ಮೀರುವಂತಿಲ್ಲ. ಅಂದರೆ ಡಿಎಸ್ ಸುಮಾರು 0.1. ಅಷ್ಟು ಕಡಿಮೆ ಇರುವಾಗ ಪೀಕ್ ಚಿಕ್ಕದು, ಅಲ್ಲಿ ನಾನು ಟೈಟ್ರೇಶನ್ ನಂಬುತ್ತೇನೆ. ಖರ್ಚೂ ಕಡಿಮೆ: ಬ್ಯೂರೆಟ್, ಸೋಡಿಯಂ ಹೈಡ್ರಾಕ್ಸೈಡ್, ಹೈಡ್ರೋಕ್ಲೋರಿಕ್ ಆಮ್ಲ ಇದ್ದರೆ ಆಯ್ತು.

ಹಾಗಾಗಿ ಪ್ರತಿ ಬ್ಯಾಚಿಗೂ ಎಟಿಆರ್. ಎನ್‌ಎಂಆರ್‌ಗೆ ಡಿಎಸ್ ಕಡಿಮೆ, ಮಧ್ಯಮ, ಜಾಸ್ತಿ ಇರುವ ಒಂದೊಂದು ಸ್ಯಾಂಪಲ್ ಮಾತ್ರ, ಗೆರೆ ಸರಿಯಿದೆಯಾ ಅಂತ ನೋಡಿಕೊಳ್ಳೋಕೆ. ಪ್ರಾಜೆಕ್ಟಿನ ದುಡ್ಡು ಅಷ್ಟಕ್ಕೆ ಸಾಲುತ್ತದೆ.