ಮಿಕ್ಸ್ಚರ್ ನೋಡುವ ಐದು ದಾರಿ: ಒಂದೇ ಜಿಪ್ಸಿಯ ಮೇಲೆ ಇಟ್ಟು ನೋಡಿದ್ದು

ಇಂಜಿನ್ನಿಗೆ ಹೋಗುವ ಗಾಳಿ–ಪೆಟ್ರೋಲ್ ಮಿಶ್ರಣವೇ ಮಿಕ್ಸ್ಚರ್. ಗಾಡಿ ರಿಚ್ (ಪೆಟ್ರೋಲ್ ಹೆಚ್ಚು) ಓಡುತ್ತಿದೆಯೋ ಲೀನ್ (ಪೆಟ್ರೋಲ್ ಕಡಿಮೆ) ಓಡುತ್ತಿದೆಯೋ ಎಂದು ಕೇಳಿದರೆ ಗ್ಯಾರೇಜಿನಲ್ಲಿ ಒಬ್ಬರು ಪ್ಲಗ್ ಬಿಚ್ಚಿ ನೋಡುತ್ತಾರೆ, ಇನ್ನೊಬ್ಬರು ಸೈಲೆನ್ಸರ್ ಬಾಯಿಗೆ ಕೈ ಹಿಡಿದು ಮೂಸುತ್ತಾರೆ, ಮತ್ತೊಬ್ಬರು ಪಿಯುಸಿ (ಹೊಗೆ ತಪಾಸಣೆ) ಚೀಟಿ ತೋರಿಸುತ್ತಾರೆ. ಒಂದೇ ಗಾಡಿಗೆ ಮೂರು ಉತ್ತರ ಬರುವುದೂ ಉಂಟು. ಯಾವುದನ್ನು ಎಲ್ಲಿ ನಂಬಬೇಕು ಎಂದು ತಿಳಿಯಲು ಐದು ವಿಧಾನಗಳನ್ನು ಒಂದೇ ಇಂಜಿನ್ ಮೇಲೆ ಇಟ್ಟು ನೋಡಿದೆವು: ಪ್ಲಗ್‌ನ ಬಣ್ಣ, ವ್ಯಾಕ್ಯೂಮ್ ಗೇಜ್, ನ್ಯಾರೋಬ್ಯಾಂಡ್ ಸೆನ್ಸರ್, ಪಿಯುಸಿ ಕೇಂದ್ರದ ಗ್ಯಾಸ್ ಅನಲೈಸರ್, ವೈಡ್‌ಬ್ಯಾಂಡ್. ನ್ಯಾರೋಬ್ಯಾಂಡ್, ವೈಡ್‌ಬ್ಯಾಂಡ್ ಎರಡೂ ಹೊಗೆಯೊಳಗಿನ ಆಮ್ಲಜನಕ ನೋಡುವ ಸೆನ್ಸರುಗಳು: ಮೊದಲನೆಯದು ರಿಚ್ ಅಥವಾ ಲೀನ್ ಎಂದಷ್ಟೇ, ಎರಡನೆಯದು ಎಷ್ಟು ಎಂದೂ ಹೇಳುತ್ತದೆ. ಇಂಜಿನ್ ಜಿಪ್ಸಿಯ 1.3 ಲೀಟರಿನದು, ಟರ್ಬೊ ಇಲ್ಲದ್ದು. ಅದರ ಮೇಲೆ ವೆಬರ್ 32/36 ಕಾರ್ಬ್ಯುರೇಟರ್. ಓಡಿಸಿದ್ದು ಪಡುಬಿದ್ರಿ–ಕಾಪು ನಡುವಿನ ಸಪಾಟು ರಸ್ತೆಯಲ್ಲಿ ಮತ್ತು ಚಾರ್ಮಾಡಿ ಘಾಟಿಯಲ್ಲಿ.

ಮೊದಲು ಲೆಕ್ಕ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಈಗ ಬಂಕಿನಲ್ಲಿ ಸಿಗುವ, ಶೇ. 20 ಎಥನಾಲ್ ಬೆರೆತ ಇ20ಗೆ ಸುಮಾರು 13.5 ಕಿಲೋ ಸಾಕು, ಏಕೆಂದರೆ ಎಥನಾಲಿನ ಒಳಗೇ ಆಮ್ಲಜನಕ ಉಂಟು. ಹಳೆಯ ಪೆಟ್ರೋಲಿಗೆ ಕೂರಿಸಿದ್ದ ಜೆಟ್ಟನ್ನು (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹರಿಯುವ ಅಳತೆಯ ತೂತು) ಹಾಗೆಯೇ ಬಿಟ್ಟರೆ ಇ20ಯಲ್ಲಿ ಗಾಡಿ ಸುಮಾರು ಶೇ. 8ರಷ್ಟು ಲೀನ್ ಓಡುತ್ತದೆ. ಹಳೆಯ ಗಾಡಿಗಳಿಗೆ ಈಚೆಗೆ ಪಿಕಪ್ ಇಲ್ಲ, ಬೇಗ ಬಿಸಿಯಾಗುತ್ತದೆ ಎಂಬ ದೂರಿಗೆ ಬಹಳ ಸಲ ಇದೇ ಕಾರಣ. ಪೆಟ್ರೋಲ್ ಬದಲಾದಂತೆ ಅಂಕಿಯೂ ಬದಲಾಗುವ ಈ ತೊಡಕು ಬೇಡವೆಂದರೆ ಲ್ಯಾಂಬ್ಡಾದಲ್ಲಿ (ಸಿಕ್ಕ ಗಾಳಿಯನ್ನು ಬೇಕಾದ ಗಾಳಿಯಿಂದ ಭಾಗಿಸಿದ ಅಂಕಿ) ಮಾತಾಡುವುದು ಒಳ್ಳೆಯದು. ಯಾವ ಪೆಟ್ರೋಲೇ ಆಗಲಿ 1.00 ಎಂದರೆ ಸರಿಸಮ, ಅದಕ್ಕಿಂತ ಕೆಳಗೆ ರಿಚ್, ಮೇಲೆ ಲೀನ್. ಈ ಇಂಜಿನ್ನಿಗೆ ನಾವು ಇಟ್ಟುಕೊಂಡ ಗುರಿ: ಐಡ್ಲಿಂಗಿನಲ್ಲಿ (ಗಾಡಿ ನಿಂತಲ್ಲೇ ಇಂಜಿನ್ ಓಡುವಾಗ) 0.94ರಿಂದ 0.97, ಹಗುರ ಓಟದಲ್ಲಿ 1.00ರಿಂದ 1.05, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ 0.86ರಿಂದ 0.89.

ಯಾವ ಮೀಟರ್ ಜೋಡಿಸುವ ಮೊದಲೂ ನಾಲ್ಕು ಕೆಲಸ ಮುಗಿದಿರಬೇಕು. ವಾಲ್ವ್ ಕ್ಲಿಯರೆನ್ಸ್, ಇಗ್ನಿಷನ್ ಟೈಮಿಂಗ್, ಫ್ಲೋಟ್ ಲೆವೆಲ್ (ಕಾರ್ಬ್ಯುರೇಟರಿನ ಬೌಲಿನಲ್ಲಿ ಪೆಟ್ರೋಲ್ ನಿಲ್ಲುವ ಮಟ್ಟ), ಗಾಳಿ ಸೋರಿಕೆ. ವೆಬರಿಗೆ ಪೆಟ್ರೋಲ್ ಒತ್ತಡ 2.5ರಿಂದ 3.5 ಪಿಎಸ್‌ಐ ಸಾಕು. ಅದಕ್ಕಿಂತ ಹೆಚ್ಚಾದರೆ ನೀಡಲ್ ವಾಲ್ವ್ ತಡೆಯದೆ ಬೌಲ್ ತುಂಬಿ ಹರಿಯುತ್ತದೆ. ಸೋರಿಕೆ ಹುಡುಕಲು ಇಂಜಿನ್ ಐಡ್ಲಿಂಗಿನಲ್ಲಿರುವಾಗ ಕಾರ್ಬಿನ ಬುಡದ ಗ್ಯಾಸ್ಕೆಟ್ ಮತ್ತು ವ್ಯಾಕ್ಯೂಮ್ ಪೈಪುಗಳ ಸುತ್ತ ಕಾರ್ಬ್ ಕ್ಲೀನರ್ ಸ್ವಲ್ಪ ಸ್ವಲ್ಪವೇ ಹೊಡೆಯಬೇಕು. ಬಿಸಿ ಎಕ್ಸಾಸ್ಟ್ ಮೇಲೆ ಬೀಳಬಾರದು, ಬೆಂಕಿ ಹಿಡಿಯುತ್ತದೆ. ಆರ್‌ಪಿಎಂ ಬದಲಾದ ಜಾಗವೇ ಸೋರುವ ಜಾಗ. ಹಳೆಯ ರಬ್ಬರ್ ಪೈಪುಗಳು ಎಥನಾಲಿಗೆ ಬೇಗ ಬಿರಿಯುತ್ತವೆ, ಅವನ್ನು ಮೊದಲೇ ಬದಲಿಸಿಬಿಡಿ. ಈ ನಾಲ್ಕರಲ್ಲಿ ಒಂದು ತಪ್ಪಿದ್ದರೂ ಮುಂದೆ ಓದುವ ಅಂಕಿಗಳೆಲ್ಲ ಸುಳ್ಳು.

ಪ್ಲಗ್ ಓದುವುದು ಹಿರಿಯ ಮೆಕ್ಯಾನಿಕ್‌ಗಳ ವಿದ್ಯೆ, ಅದರ ಮೇಲೆ ನಮಗೆ ಗೌರವವಿದೆ. ಆದರೆ ಕಾಫಿ ಪುಡಿಯ ಬಣ್ಣ ಬಂದರೆ ಸರಿ ಎಂಬ ಮಾತು ಸೀಸವಿದ್ದ ಪೆಟ್ರೋಲಿನ ಕಾಲದ್ದು. ಇ20ಯಲ್ಲಿ ಪಿಂಗಾಣಿ ಬಹುಪಾಲು ಬೆಳ್ಳಗೇ ಉಳಿಯುತ್ತದೆ, ಅದನ್ನು ನೋಡಿ ಲೀನ್ ಎಂದು ಜೆಟ್ ದೊಡ್ಡದು ಮಾಡಿದರೆ ಮೈಲೇಜ್ ಹೋಗುತ್ತದೆ. ಮಂಗಳೂರಿನ ಪಂಪ್‌ವೆಲ್ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ನಿಂತು ಬಂದ ಗಾಡಿಯ ಪ್ಲಗ್ ಐಡ್ಲಿಂಗಿನ ಕಥೆಯನ್ನಷ್ಟೇ ಹೇಳುತ್ತದೆ, ಜೋರು ಓಟಕ್ಕೆ ಪೆಟ್ರೋಲ್ ಕೊಡುವ ಮೈನ್ ಜೆಟ್ಟಿನದ್ದಲ್ಲ. ಮೈನ್ ಜೆಟ್ ನೋಡಲು ಹೊಸ ಪ್ಲಗ್ ಹಾಕಿ, ಪೂರ್ತಿ ಆಕ್ಸಿಲರೇಟರಿನಲ್ಲಿ ಎಳೆದು, ಅಲ್ಲೇ ಇಂಜಿನ್ ಆಫ್ ಮಾಡಿ ಕ್ಲಚ್ ಒತ್ತಬೇಕು. ಇಂಜಿನ್ ನಿಂತರೆ ಬ್ರೇಕ್ ಬೂಸ್ಟರಿನ ಸಹಾಯವೂ ನಿಲ್ಲುತ್ತದೆ, ಹೆದ್ದಾರಿಯಲ್ಲಿ ಇದನ್ನು ಮಾಡಲೇಬಾರದು. ಆದರೂ ಪ್ಲಗ್‌ಗೆ ಇನ್ನೊಂದು ಬಲವಾದ ಉಪಯೋಗವುಂಟು. ಬೇರೆ ಎಲ್ಲ ವಿಧಾನಗಳೂ ನಾಲ್ಕು ಸಿಲಿಂಡರುಗಳದ್ದನ್ನೂ ಸೇರಿಸಿ ಹೇಳುತ್ತವೆ, ಪ್ಲಗ್ ಮಾತ್ರ ಒಂದೊಂದರದ್ದನ್ನೂ ಬೇರೆ ತೋರಿಸುತ್ತದೆ. ಮೂರು ಒಂದೇ ಥರ ಇದ್ದು ನಾಲ್ಕನೆಯದು ಮಾತ್ರ ಕಪ್ಪು ಮಸಿಯಾಗಿದ್ದರೆ ಜೆಟ್ ಮುಟ್ಟಬೇಡಿ, ಆ ಸಿಲಿಂಡರಿನ ಪ್ಲಗ್ ವಯರ್, ಕಂಪ್ರೆಷನ್ ನೋಡಿ.

ಇಂಜಿನ್ ಗಾಳಿ ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಅಗ್ಗದ್ದು, ಐಡ್ಲಿಂಗಿಗೆ ಇದಕ್ಕಿಂತ ಒಳ್ಳೆಯದು ನಮಗೆ ಸಿಗಲಿಲ್ಲ. ಮ್ಯಾನಿಫೋಲ್ಡಿನ ಪೈಪಿಗೆ ಟಿ ಹಾಕಿ ಜೋಡಿಸಿದರೆ ಮುಗಿಯಿತು. ಮಂಗಳೂರು ಸಮುದ್ರ ಮಟ್ಟದಲ್ಲೇ ಇರುವುದರಿಂದ ಆರೋಗ್ಯವಂತ ಇಂಜಿನ್ 17ರಿಂದ 21 ಇಂಚು (ಪಾದರಸದ ಲೆಕ್ಕ) ತೋರಿಸಬೇಕು, ಮುಳ್ಳು ಅಲುಗಾಡಬಾರದು. ಘಟ್ಟ ಹತ್ತಿದರೆ 300 ಮೀಟರಿಗೆ ಒಂದಿಂಚಿನಂತೆ ಇಳಿಯುತ್ತದೆ, ಅದು ದೋಷವಲ್ಲ.

ಸೆಟ್ ಮಾಡುವ ಕ್ರಮ ಹೀಗೆ. ಇಂಜಿನ್ ಪೂರ್ತಿ ಬಿಸಿಯಾಗಿ ಚೋಕ್ ತೆರೆದಿರಬೇಕು. ಐಡ್ಲಿಂಗ್ ಸ್ಪೀಡ್ ಸ್ಕ್ರೂ ಲಿವರಿಗೆ ತಾಗಿದ ಮೇಲೆ ಒಂದೂವರೆ ಸುತ್ತಿಗಿಂತ ಹೆಚ್ಚು ಒಳಗೆ ಹೋಗಬಾರದು. ಹೋದರೆ ಥ್ರಾಟಲ್ ಪ್ಲೇಟ್, ವೇಗ ಏರುವಾಗ ಪೆಟ್ರೋಲ್ ಕೊಡುವ ಮುಂದಿನ ತೂತುಗಳನ್ನು ತೆರೆದುಬಿಡುತ್ತದೆ, ಮತ್ತೆ ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಮಾತು ಕೇಳುವುದಿಲ್ಲ. ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಮುಚ್ಚಿ ಎರಡು ಸುತ್ತು ಬಿಚ್ಚಿ. ಬಿಗಿ ಒತ್ತಿದರೆ ತುದಿ ಹಾಳಾಗುತ್ತದೆ. ಅಲ್ಲಿಂದ ಕಾಲು ಕಾಲು ಸುತ್ತು ತಿರುಗಿಸುತ್ತ ಮುಳ್ಳು ಅತಿ ಮೇಲೆ ನಿಲ್ಲುವ ಜಾಗ ಹಿಡಿಯಿರಿ, ಆಮೇಲೆ ಅರ್ಧ ಇಂಚು ಇಳಿಯುವಷ್ಟು ಒಳಗೆ ತಿರುಗಿಸಿ. ಸ್ಕ್ರೂ ಎರಡೂವರೆ ಸುತ್ತಿಗಿಂತ ಹೊರಗೆ ಬಂದರಷ್ಟೇ ಇಂಜಿನ್ ಸರಿ ಓಡುತ್ತದೆ ಎಂದಾದರೆ ಐಡಲ್ ಜೆಟ್ ಚಿಕ್ಕದಾಯಿತು. ಒಂದೂವರೆಗಿಂತ ಒಳಗೇ ಸರಿಯಾದರೆ ಜೆಟ್ ದೊಡ್ಡದು. ಆದರೆ ಆಕ್ಸಿಲರೇಟರ್ ಪೂರ್ತಿ ಒತ್ತಿದ ಕೂಡಲೇ ಗೇಜ್ ಸೊನ್ನೆಗೆ ಬೀಳುತ್ತದೆ. ಮೈನ್ ಜೆಟ್ಟಿನ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ನ್ಯಾರೋಬ್ಯಾಂಡ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಎಂಪಿಎಫ್‌ಐ (ಕಾರ್ಬ್ ಬದಲು ಇಂಜೆಕ್ಟರ್ ಇರುವ) ಗಾಡಿಯ ಹಳೆಯ ಸೆನ್ಸರಿಗೆ ವೋಲ್ಟ್ ಮೀಟರ್ ಜೋಡಿಸುವ ಉಪಾಯ ಇದು. ಲ್ಯಾಂಬ್ಡಾ 1ರ ಹತ್ತಿರ 0.45 ವೋಲ್ಟಿನಿಂದ ಒಮ್ಮೆಲೇ ಮೇಲಕ್ಕೋ ಕೆಳಕ್ಕೋ ಹಾರುತ್ತದೆ, ಅಷ್ಟೇ. ನಮಗೆ ಬೇಕಾದ 0.88ರ ಸುತ್ತ ಅದು 0.8–0.9 ವೋಲ್ಟಿನಲ್ಲೇ ನಿಂತಿರುತ್ತದೆ, ಸೆನ್ಸರ್ ಬಿಸಿ ಹೆಚ್ಚಾದರೆ ಅದೂ ಸರಿಯುತ್ತದೆ. ಹಗುರ ಓಟದ ಮಿಕ್ಸ್ಚರ್ ನೋಡಲು ಸಾಕು. ಪೂರ್ತಿ ಎಳೆತದಲ್ಲಿ ಇದನ್ನು ನಂಬಿ ಜೆಟ್ ಚಿಕ್ಕದು ಮಾಡುವುದು ಪಿಸ್ಟನ್ನಿಗೆ ಅಪಾಯ.

ಪಿಯುಸಿ ಕೇಂದ್ರದ ಅನಲೈಸರನ್ನು ಚೀಟಿಗೆ ಮಾತ್ರ ಬಳಸಿ ಬಿಡುವುದು ನಷ್ಟ. ಸಿಒ (ಕಾರ್ಬನ್ ಮಾನಾಕ್ಸೈಡ್) ಅಂಕಿ ನೇರವಾಗಿ ಮಿಕ್ಸ್ಚರನ್ನೇ ಹೇಳುತ್ತದೆ: ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಗಾಡಿಯಲ್ಲಿ ಶೇ. 1.5–2 ಎಂದರೆ ಲ್ಯಾಂಬ್ಡಾ ಸುಮಾರು 0.95, ಶೇ. 3ರ ಹತ್ತಿರ ಎಂದರೆ ಸುಮಾರು 0.92. ಬಿಎಸ್-2 ಹೊಗೆ ನಿಯಮಕ್ಕಿಂತ ಹಿಂದಿನ ನಾಲ್ಕು ಚಕ್ರದ ಗಾಡಿಗೆ ಮಿತಿಯೂ ಸಿಒ ಶೇ. 3, ಎಚ್‌ಸಿ (ಉರಿಯದೆ ಉಳಿದ ಪೆಟ್ರೋಲ್) 1500 ಪಿಪಿಎಂ. ಆದ್ದರಿಂದ ಐಡ್ಲಿಂಗ್ ನಮ್ಮ ಗುರಿಯೊಳಗೆ ಇದ್ದರೆ ಚೀಟಿಯೂ ಸಲೀಸಾಗಿ ಸಿಗುತ್ತದೆ. ಎಚ್‌ಸಿಯನ್ನೂ ಜೊತೆಗೆ ಓದಬೇಕು. ಸಿಒ ಕಡಿಮೆ ಇದ್ದು ಎಚ್‌ಸಿ ಏರಿದ್ದರೆ ಲೀನ್ ಆಗಿ ಮಿಸ್ಸಿಂಗ್ (ಕೆಲವು ಸಲ ಉರಿಯದೆ ಹೋಗುವುದು) ಆಗುತ್ತಿದೆ ಅಥವಾ ಪ್ಲಗ್ ಹೊಡೆಯುತ್ತಿಲ್ಲ. ಕರಾವಳಿಯ ಉಪ್ಪುಗಾಳಿಗೆ ಸೈಲೆನ್ಸರ್ ತುಕ್ಕು ಹಿಡಿದು ತೂತಾಗುವುದು ಸಾಮಾನ್ಯ. ಆ ತೂತಿನಿಂದ ಹೊರಗಿನ ಗಾಳಿ ಸೇರಿ ಎಲ್ಲ ಅಂಕಿಗಳೂ ತೆಳುವಾಗುತ್ತವೆ, ರಿಚ್ ಇರುವ ಗಾಡಿಯೂ ಚೆನ್ನಾಗಿದೆ ಎಂದು ಚೀಟಿ ಬರುತ್ತದೆ. ನಾಲ್ಕು ಅನಿಲಗಳ ಯಂತ್ರವಾದರೆ ಆಮ್ಲಜನಕದ ಸಾಲು ನೋಡಿ, ಸಿಒ ಶೇ. 2 ಇರುವಾಗ ಆಮ್ಲಜನಕವೂ ಶೇ. 3–4 ಇದ್ದರೆ ಹೊರಗಿನ ಗಾಳಿಯನ್ನೋ ಮಿಸ್ಸಿಂಗನ್ನೋ ಹುಡುಕಬೇಕು. ಈ ಯಂತ್ರದ ಕೊರತೆ ಒಂದೇ, ರಸ್ತೆಗೆ ಬರುವುದಿಲ್ಲ.

ನಾವೇ ಕೊಳ್ಳುವವುಗಳಲ್ಲಿ ದುಬಾರಿ ವೈಡ್‌ಬ್ಯಾಂಡ್. ಜೆಟ್ ಬದಲಿಸುವ ಕೆಲಸಕ್ಕೆ ಬೇರೆ ಯಾವುದೂ ಇದರ ಹತ್ತಿರ ಬರುವುದಿಲ್ಲ. ಬಾಷ್ ಎಲ್‌ಎಸ್‌ಯು 4.9 ಸೆನ್ಸರ್ ಇರುವುದನ್ನೇ ತೆಗೆದುಕೊಳ್ಳಿ. ಹಳೆಯ 4.2ಗೆ ಹೊರಗಾಳಿಯಲ್ಲಿ ಕ್ಯಾಲಿಬ್ರೇಷನ್ ಬೇಕು, ನಮ್ಮ ಮಳೆಗಾಲದ ಗಾಳಿಯಲ್ಲಿ ಶೇ. 3ಕ್ಕೂ ಹೆಚ್ಚು ನೀರಾವಿಯೇ ಇರುವುದರಿಂದ ಅಲ್ಲೇ ತಪ್ಪು ಸೇರಿಕೊಳ್ಳುತ್ತದೆ. ನಾಲ್ಕೂ ಸಿಲಿಂಡರುಗಳ ಪೈಪ್ ಒಂದಾದ ಮೇಲೆ ಡೌನ್‌ಪೈಪಿನಲ್ಲಿ ಎಂ18×1.5 ಬುಷ್ (ಸೆನ್ಸರ್ ತಿರುಗಿಸಿ ಕೂರಿಸುವ ಬಳೆ) ವೆಲ್ಡ್ ಮಾಡಿಸಬೇಕು, ಬೈಕಂಪಾಡಿಯಲ್ಲೋ ಯೆಯ್ಯಾಡಿಯಲ್ಲೋ ಯಾವ ವೆಲ್ಡಿಂಗ್ ಶಾಪಿನವರಿಗೂ ಇದು ಸಣ್ಣ ಕೆಲಸ. ಸೆನ್ಸರ್ ಗಡಿಯಾರದ 10 ಗಂಟೆ ಮತ್ತು 2 ಗಂಟೆಯ ನಡುವೆ ಮೇಲ್ಮುಖವಾಗಿ ಕೂರಬೇಕು. ಕೆಳಗೆ ಕೂರಿಸಿದರೆ ಪೈಪಿನೊಳಗಿನ ನೀರು ಬಿಸಿ ಸೆರಾಮಿಕ್ ಮೇಲೆ ಬಿದ್ದು ಬಿರುಕು ಬಿಡುತ್ತದೆ. ಕೊಟ್ಟಾರ ಚೌಕಿಯಲ್ಲಿ ಮಳೆನೀರು ನಿಂತಾಗ ಗಾಡಿ ಇಳಿಸಬೇಡಿ ಎನ್ನುವುದೂ ಇದಕ್ಕೇ. ಸೆನ್ಸರ್ ಪೈಪಿನಲ್ಲಿದ್ದ ಮೇಲೆ ಇಂಜಿನ್ ಓಡುವಾಗೆಲ್ಲ ಅದಕ್ಕೆ ಕರೆಂಟ್ ಇರಲೇಬೇಕು, ಇಲ್ಲದಿದ್ದರೆ ಮಸಿ ಕಟ್ಟಿ ಸಾಯುತ್ತದೆ. ಸೆನ್ಸರಿಗೂ ಇಂಜಿನ್ನಿಗೂ ನಡುವೆ ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರಿದರೆ ಸುಳ್ಳು ಲೀನ್ ತೋರಿಸುತ್ತದೆ. ಮಿಸ್ಸಿಂಗ್ ಆದರೂ ಅಷ್ಟೇ, ಉರಿಯದ ಪೆಟ್ರೋಲನ್ನು ಅದು ಕಾಣುವುದಿಲ್ಲ, ಉಳಿದ ಆಮ್ಲಜನಕವನ್ನು ಮಾತ್ರ ಕಾಣುತ್ತದೆ.

ಬಹಳ ಮಂದಿ ಎಡವುವುದು ಇಲ್ಲಿ: ಮೀಟರ್ 14.7ರ ಲೆಕ್ಕದಲ್ಲಿ ಅಂಕಿ ತೋರಿಸುತ್ತಿರುವಾಗ, ಇ20ಗೆ 13.5 ಸರಿ ಎಂದು ಓದಿ ಐಡ್ಲಿಂಗನ್ನೂ ಹಗುರ ಓಟವನ್ನೂ 13.5ಕ್ಕೆ ತರುತ್ತಾರೆ. ಸೆನ್ಸರ್ ಅಳೆಯುವುದು ಲ್ಯಾಂಬ್ಡಾವನ್ನು. ಇ20 ತುಂಬಿದರೂ ಸರಿಸಮಕ್ಕೆ ಅದು 14.7 ಎಂದೇ ಹೇಳುತ್ತದೆ. 13.5 ಎಂದರೆ ನಿಜಕ್ಕೂ 0.92, ರಿಚ್. ಪೂರ್ತಿ ಎಳೆತಕ್ಕೆ ಬೇಕಾದ 0.88 ಆ ಮೀಟರಿನಲ್ಲಿ 12.9.

ಜೆಟ್ ಕೆಲಸ ಐಡಲ್ ಜೆಟ್ಟಿನಿಂದಲೇ ಶುರುವಾಗಬೇಕು. ವೆಬರಿನಲ್ಲಿ ಸುಮಾರು 2,800 ಆರ್‌ಪಿಎಂವರೆಗಿನ ಹಗುರ ಓಟವೆಲ್ಲ ಅದರ ಕೈಯಲ್ಲೇ ಇರುತ್ತದೆ, ಊರೊಳಗಿನ ಸವಾರಿ ಹೆಚ್ಚುಕಮ್ಮಿ ಪೂರ್ತಿ ಅದೇ. 1,500ರಿಂದ 2,500ರ ನಡುವೆ ಲ್ಯಾಂಬ್ಡಾ 1.1 ದಾಟಿ ಗಾಡಿ ಜಗ್ಗಾಡಿದರೆ ಐಡಲ್ ಜೆಟ್ಟನ್ನು 60ರಿಂದ (ಅಂದರೆ 0.60 ಮಿಲಿಮೀಟರ್) 65ಕ್ಕೆ ಬದಲಿಸಿ. ಸಂಖ್ಯೆ ಚಿಕ್ಕದಾಗಿ ಕಂಡರೂ ತೂತಿನ ವಿಸ್ತಾರ ಶೇ. 17 ಹೆಚ್ಚುತ್ತದೆ. ಮೈನ್ ಜೆಟ್ಟಿನಲ್ಲಿ 135ರಿಂದ 140 ಎಂದರೆ ಶೇ. 7.5, ಇ20 ತಂದ ಕೊರತೆಗೆ ಹೆಚ್ಚುಕಮ್ಮಿ ಸರಿಯಾಗಿ ಅಷ್ಟೇ. ಪೂರ್ತಿ ಎಳೆತವನ್ನು ಖಾಲಿ ರಸ್ತೆಯಲ್ಲಿ ಎರಡನೇ ಗೇರಿನಲ್ಲೇ ನೋಡಿ, ವೇಗ ಮಿತಿ ಮೀರುವುದಿಲ್ಲ. ಪಕ್ಕದಲ್ಲಿ ಕೂತವರು ಆರ್‌ಪಿಎಂ ಮತ್ತು ಮೀಟರ್ ಎರಡೂ ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ತೆಗೆಯಲಿ, ಓಡಿಸುವವರು ಮೀಟರ್ ನೋಡಬಾರದು. ಮಧ್ಯದಲ್ಲಿ ಸರಿಯಿದ್ದು 5,000ದ ಮೇಲೆ ಮಾತ್ರ ಲೀನ್ ಆದರೆ ಮೈನ್ ಜೆಟ್ ಬಿಟ್ಟು ಏರ್ ಕರೆಕ್ಟರನ್ನು (ಪೆಟ್ರೋಲಿಗೆ ಗಾಳಿ ಬೆರೆಸುವ ಜೆಟ್) ಚಿಕ್ಕದು ಮಾಡಿ. ಒತ್ತಿದ ಕ್ಷಣಕ್ಕೆ ಮಾತ್ರ 1.2ರ ಮೇಲೆ ಹಾರಿ ಮತ್ತೆ ಇಳಿದರೆ ಪಂಪ್ ಜೆಟ್ (ಒತ್ತಿದಾಗ ಪೆಟ್ರೋಲ್ ಚಿಮ್ಮಿಸುವುದು) ಸಾಲದು. ಒಂದು ಸಲಕ್ಕೆ ಒಂದೇ ಬದಲಾವಣೆ.

ಶೇ. 2ರ ವ್ಯತ್ಯಾಸದ ಹಿಂದೆ ಮಾತ್ರ ಬೀಳಬೇಡಿ. ಬೆಳಗ್ಗೆ 22 ಡಿಗ್ರಿ, ಮಧ್ಯಾಹ್ನ 34 ಡಿಗ್ರಿ, ಇಷ್ಟಕ್ಕೇ ಕಾರ್ಬಿನ ಮಿಕ್ಸ್ಚರ್ ಶೇ. 2ರಷ್ಟು ರಿಚ್ ಆಗುತ್ತದೆ. ಚಿಕ್ಕಮಗಳೂರಿನ 1,090 ಮೀಟರ್ ಎತ್ತರದಲ್ಲಿ ಗಾಳಿ ತೆಳುವಾಗಿ ಇನ್ನೂ ಶೇ. 5. ಕೆಳಗೆ 0.88 ಇದ್ದದ್ದು ಅಲ್ಲಿ 0.84ರ ಹತ್ತಿರ ಬಂದು ಎಳೆತ ಮಂದವಾಗುತ್ತದೆ. ವಾರವಾರ ಘಟ್ಟ ಹತ್ತುವ ಗಾಡಿಯನ್ನು ಕೆಳಗೆ 0.89–0.90ಕ್ಕೆ ಬಿಟ್ಟರೆ ಎರಡೂ ಕಡೆ ಹಿತ. ಆದರೆ ಏರಿನಲ್ಲಿ ಇಂಜಿನ್ ನಾಕಿಂಗ್ (ಟಕಟಕ ಬಡಿತ) ಮಾಡಿದರೆ ಈ ಸಲಹೆ ಬಿಟ್ಟು ಮತ್ತೆ ರಿಚ್ ಕಡೆಗೇ ಬನ್ನಿ.

ಒಂದೇ ಗಾಡಿ ಇಟ್ಟುಕೊಂಡವರು ವ್ಯಾಕ್ಯೂಮ್ ಗೇಜ್ ಕೊಂಡು, ಮೈನ್ ಜೆಟ್ ಬದಲಿಸುವ ದಿನಕ್ಕೆ ವೈಡ್‌ಬ್ಯಾಂಡನ್ನು ಎರವಲು ತಂದರೆ ಸಾಕು. ಬುಷ್ಷಿಗೆ ಆಮೇಲೆ ಬೋಲ್ಟ್ ಹಾಕಿ ಮುಚ್ಚಬಹುದು. ಎಂಪಿಎಫ್‌ಐ ಗಾಡಿಯಾದರೆ ಹಗುರ ಓಟದ ಮಿಕ್ಸ್ಚರನ್ನು ಇಸಿಯು (ಇಂಜಿನ್ನಿನ ಕಂಪ್ಯೂಟರ್) ತಾನೇ ಸರಿಪಡಿಸಿಕೊಳ್ಳುತ್ತದೆ. ಒಬಿಡಿ (ಸ್ಕ್ಯಾನರ್ ಜೋಡಿಸುವ ಪೋರ್ಟ್) ಇದ್ದರೆ ಅದರಲ್ಲಿ ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ (ಇಸಿಯು ಮಾಡಿಕೊಂಡ ಪೆಟ್ರೋಲ್ ತಿದ್ದುಪಡಿ, ಶೇಕಡಾದಲ್ಲಿ) ನೋಡಿ. ಪ್ಲಸ್ 10 ದಾಟಿದ್ದರೆ ಸೋರಿಕೆ, ಪೆಟ್ರೋಲ್ ಪಂಪ್, ಇಂಜೆಕ್ಟರ್ ಈ ಕ್ರಮದಲ್ಲಿ ಹುಡುಕಿ.

ಕಾರ್ಬ್ ಗಾಡಿಯನ್ನು ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವುದಾದರೆ ಬೌಲ್ ಖಾಲಿ ಮಾಡಿ ಇಡಿ. ಎಥನಾಲ್ ತೇವ ಹೀರಿ ಒಳಗೆ ಬಿಳಿ ಪುಡಿ ಕಟ್ಟುತ್ತದೆ, ಮೊದಲು ಮುಚ್ಚಿಹೋಗುವುದು ಐಡಲ್ ಜೆಟ್. ಆಗ ಮೀಟರ್ ಲೀನ್ ಎನ್ನುತ್ತದೆ, ಜೆಟ್ ಅಳತೆ ತಪ್ಪಿಲ್ಲ. ಅದನ್ನು ಕಾರ್ಬ್ ಕ್ಲೀನರ್ ಮತ್ತು ಗಾಳಿಯಿಂದ ಮಾತ್ರ ಸ್ವಚ್ಛ ಮಾಡಿ, ತಂತಿ ತೂರಿಸಬೇಡಿ. 0.60 ಮಿಲಿಮೀಟರ್ ತೂತು 0.63ಕ್ಕೆ ಸವೆದರೆ ಪೆಟ್ರೋಲ್ ಶೇ. 10 ಹೆಚ್ಚು ಹರಿಯುತ್ತದೆ, ಮೇಲೆ ಕೆತ್ತಿದ ಸಂಖ್ಯೆ ಮಾತ್ರ 60 ಎಂದೇ ಇರುತ್ತದೆ.