ಮಕ್ಕಳ ರೇಡಿಯೇಶನ್‌ಗೆ ಚೊಲೊ ಜಾಗ, ಕಾಯೋದು ಮಾತ್ರ ಬಾಳ (4 ಸ್ಟಾರ್)

ನಮ್ಮ ಅಕ್ಕನ ಮಗಳಿಗೆ 7 ವರ್ಷ, ತಲಿ ಹಿಂದಿನ ಸಣ್ಣ ಮೆದುಳಿನಾಗ ಕ್ಯಾನ್ಸರ್ ಗಡ್ಡಿ, ಮೆಡುಲೊಬ್ಲಾಸ್ಟೋಮಾ ಅಂತ. ಆಪರೇಶನ್ ಬೆಂಗಳೂರಾಗ ಆತು, ಆಮ್ಯಾಲೆ ತಲಿಗೆ ಬೆನ್ನುಹುರಿಗೆ ರೇಡಿಯೇಶನ್, ವಾರಕ್ಕ 5 ದಿನದಂಗ 6 ವಾರ ಅಂದ್ರು, ಅಷ್ಟು ದಿನ ಅಲ್ಲೇ ರೂಮ್ ಮಾಡ್ಕೊಂಡು ಇರೋದು ಆಗದ ಮಾತು, ಗದಗಿಗೆ ಹತ್ರ ಅಂತ ಹುಬ್ಬಳ್ಳಿಯ ಈ ದವಾಖಾನಿಗೆ ಬಂದ್ವಿ.

ಇಲ್ಲಿ ಟೆಕ್ನಿಶಿಯನ್ ಅಣ್ಣಾರಿಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಡಿಮಿನ. ತಲಿ ಅಳ್ಳಾಡಬಾರ್ದು ಅಂತ ಮಾಸ್ಕ್ ಮಾಡ್ತಾರಲ್ಲ, ಬಿಳಿ ಪ್ಲಾಸ್ಟಿಕ್ ಹಾಳಿ ಬಿಸಿನೀರಾಗ ಎದ್ದಿ ಮೆತ್ತಗಾದ ಮ್ಯಾಲೆ ಮಾರಿ ಮ್ಯಾಲೆ ಒತ್ತತಾರ, ಜಾಳಗಿ ಇರತೈತಿ ಉಸಿರಾಡಾಕ ತ್ರಾಸಿಲ್ಲ, ಆದ್ರ ಸಣ್ಣ ಕೂಸಿಗೆ ಜೀವ ಹೋದಂಗ ಆಗತೈತಿ. ಇವ್ರು ಮದ್ಲ ಒಂದು ತುಂಡು ಎದ್ದಿ ಆಕಿ ಕೈ ಮ್ಯಾಲೆ ಇಟ್ರು, "ನೋಡವ್ವಾ, ಬೆಚ್ಚಗ ಐತಿ ಹೌದಿಲ್ಲೋ" ಅಂದ್ರು, ಆಕಿ ತಾನಾ ಮುಟ್ಟಿ ಮುಟ್ಟಿ ನೋಡಿ ಗಟ್ಟಿ ಆದ ಮ್ಯಾಲೆ ನಕ್ಕಳು. ರೇಡಿಯೇಶನ್ ಕೊಡೋವಾಗ ಒಳಗ ಯಾರ್ನೂ ಬಿಡಂಗಿಲ್ಲ, ಟಿವಿಯಾಗ ನೋಡ್ಕೋತ ಮೈಕಿನಾಗ ಆಕಿ ಜೋಡಿ ಮಾತಾಡ್ಕೋತನ ಇರ್ತಿದ್ರು, ಹಂಗಾಗಿ ಅಳ್ಳಾಡದಂಗ ಮಲಗಸಾಕ ಅನಸ್ತೇಶಿಯಾ ಬೇಕಾಗ್ಲೇ ಇಲ್ಲ.

ಡಾಕ್ಟರ್ ಮೇಡಂ ಏನೂ ಮುಚ್ಚಿಡಂಗಿಲ್ಲ. ಕೂದಲಾ ಉದರತಾವ, ಮುಂದ ಎತ್ತರ ಬೆಳಿಯೋದು, ಥೈರಾಯ್ಡ್, ಸಾಲಿ ಓದು ಎಲ್ಲಾದ್ರ ಮ್ಯಾಲೂ ಪರಿಣಾಮ ಆಗಬಹುದು ಅಂತ ಮದ್ಲ ಹೇಳಿದ್ರು, 3 ವರ್ಷದ ಒಳಗಿನ ಮಕ್ಕಳಿಗೆ ಆದಷ್ಟು ಕೊಡದಿರೋದೂ ಅದಕ್ಕ ಅಂತ. ಅಕ್ಕ ಅತ್ಲು, ಆದ್ರೂ ಗೊತ್ತಿದ್ದದ್ದು ಚೊಲೊ ಆತು.

ತ್ರಾಸ್ ಏನಂದ್ರ ಟೋಕನ್. ದೊಡ್ಡವ್ರು ಸಣ್ಣವ್ರು ಎಲ್ಲಾ ಒಂದ ಪಾಳಿ, ವಾಂತಿ ಗುಳಗಿ ತಗೊಂಡು ಬಂದ ಕೂಸು ಹೊತ್ತು ಏರೋ ತನಕ ಬೆಂಚ್ ಮ್ಯಾಲೆ ಮಲಗಬೇಕು. ರಕ್ತದ ರಿಪೋರ್ಟ್ ಮಧ್ಯಾಹ್ನ ಬರತೈತಿ, ರಕ್ತಕಣದ ಕೌಂಟ್ ಕಡಿಮಿ ಅಂದ್ರ ಅವತ್ತು ರೇಡಿಯೇಶನ್ ಇಲ್ಲ, ಬರೇ ಬಸ್ ಚಾರ್ಜ್ ಆತು.

ಬಿಪಿಎಲ್ ಇದ್ದವ್ರು ಆಯುಷ್ಮಾನ್ ಕಾರ್ಡ್ ಜೋಡಿ ಸರ್ಕಾರಿ ದವಾಖಾನಿ ರೆಫರಲ್ ಚೀಟಿ ಸಿಕ್ಕಾ ಸಹಿ ನೋಡೇ ತರ್ರಿ, ವರ್ಷಕ್ಕ ಮನಿಗೆ 5 ಲಕ್ಷದ ತನಕ ಆಗತೈತಿ.

ಇನ್ನೊಂದು, ಮುಂಜಾನೆ ಎದ್ದ ಕೂಡ್ಲೇ ತಲಿನೋವು ವಾಂತಿ, ನಡಿಬೇಕಾರ ಜೋಲಿ ಹೊಡಿಯೋದು, ಇವು ದಿನಾ ಆಗಾಕತ್ರ ಪಿತ್ತ ಅಂತ ಕುಂದರಬ್ಯಾಡ್ರಿ, ಎಂಆರ್‌ಐ ಬೇಕೇನು ಅಂತ ಡಾಕ್ಟರ್‌ನ ಕೇಳ್ರಿ.

ಮ್ಯಾನೇಜ್‌ಮೆಂಟಿನವ್ರು ಇದನ್ನ ಓದಿದ್ರ, ದಯವಿಟ್ಟು ಮಕ್ಕಳನ್ನ ಮುಂಜಾನೆ ಮದ್ಲ ಕರೀರಿ.