ಮೊದಲ ದಿನ ಕೈ ಬಿಡುವುದನ್ನೇ ಕಲಿಸಿದರು: ಅಶ್ವೇಂನ ಕೈಟ್ ಸರ್ಫಿಂಗ್ ಕ್ಲಾಸು

ಕೈಟ್ ಸರ್ಫಿಂಗ್ ಅಂದರೆ ದೊಡ್ಡ ಗಾಳಿಪಟದ ಎಳೆತಕ್ಕೆ ಬೋರ್ಡಿನ ಮೇಲೆ ನಿಂತು ಕಡಲಲ್ಲಿ ಜಾರುವ ಆಟ. ಅದನ್ನು ಕಲಿಯಲು ನಾನು ಹೋದದ್ದು ಆಸೆಯಿಂದಲ್ಲ, ಸಿಟ್ಟಿನಿಂದ. ನಾನು ಈಜುವವಳು. ಮೂಲ್ಕಿಯ ಶಾಂಭವಿ ಹೊಳೆಯಲ್ಲಿ ಕೈಕಾಲು ಬಡಿದು ಕಲಿತವಳು. ಈಗ ವಯಸ್ಸು 47, ವಾರಕ್ಕೆ ಮೂರು ಬೆಳಿಗ್ಗೆ ಕಡಲಿಗೆ ಇಳಿಯದಿದ್ದರೆ ಮನೆಯವರೆಲ್ಲ ನನ್ನಿಂದ ದೂರ ಇರುತ್ತಾರೆ. ಹೋದ ವರ್ಷ ಉತ್ತರ ಗೋವಾದ ಒಂದು ಬೀಚಿನಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಎದೆಮಟ್ಟದ ನೀರಿನಲ್ಲಿದ್ದೆ. ತಲೆಯ ಮೇಲೆ ನೆರಳೊಂದು ಹಾದುಹೋಯಿತು. ಗಿಡುಗ ಇರಬೇಕು ಎಂದುಕೊಂಡೆ. ತಿರುಗುವಷ್ಟರಲ್ಲಿ ಅಡಿಕೆ ಅಂಗಳಕ್ಕೆ ಹೊದಿಸುವ ಟರ್ಪಾಲಿನಂಥ ಪಟವೊಂದು ಹತ್ತಡಿ ಆಚೆ ನೀರಿಗೆ ಬಡಿಯಿತು. ಅದರ ದಾರ ತೋಳಿಗೆ ತಾಗಿ ಸರ್ರನೆ ಜಾರಿತು. ಬ್ಲೇಡಿನಲ್ಲಿ ಗೀರಿದ ಹಾಗೆ ಕೆಂಪು ಗೆರೆ. ಆಡುತ್ತಿದ್ದವ ದೂರದಿಂದಲೇ ಕೈ ಎತ್ತಿ "ಸಾರಿ" ಅಂದ, ಪಟ ಎಬ್ಬಿಸಿಕೊಂಡು ಹೋದ.

ಅಕ್ಕನ ಮಗನಿಗೆ ಈ ಆಟದ ಹುಚ್ಚು ಉಂಟು. "ಚಿಕ್ಕಮ್ಮ, ಬೈಯುವ ಮೊದಲು ಒಮ್ಮೆ ಹಿಡಿದು ನೋಡಿ" ಅಂದ. ಸರಿ ಮಾರಾಯಾ ಎಂದು ಜನವರಿಯಲ್ಲಿ ಇಬ್ಬರೂ ಉಡುಪಿಯಿಂದ ಮತ್ಸ್ಯಗಂಧ ರೈಲು ಹತ್ತಿ ಉತ್ತರ ಗೋವಾದ ಅಶ್ವೇಂ ಬೀಚಿಗೆ ಹೋದೆವು.

ಶಾಲೆಯ ಹೆಸರು ಹಾಕುವುದಿಲ್ಲ, ಮುಂದೆ ಒಂದೆರಡು ದೂರು ಉಂಟು. ಮೂರು ದಿನ, ದಿನಕ್ಕೆ ಮೂರು ಗಂಟೆ, ನನ್ನಿಂದ 32,000 ರೂಪಾಯಿ. ನನ್ನ ಮಟ್ಟಿಗೆ ಜಾಸ್ತಿಯೇ. ಬಿದಿರಿನ ಗುಡಿಸಲು, ಹೊರಗೆ ಒಣಗಲು ಹಾಕಿದ ಹಾರ್ನೆಸ್‌ಗಳು, ಪಂಪು. ಕಲಿಸುವವ ಮಾಂದ್ರೆ ಊರಿನ ಹುಡುಗ. ನಮ್ಮ ಮಂಗಳೂರು ಕೊಂಕಣಿಗೂ ಅವನ ಕೊಂಕಣಿಗೂ ಅರ್ಧದಷ್ಟೇ ಹೊಂದಿಕೆ, ಉಳಿದದ್ದಕ್ಕೆ ಹಿಂದಿ.

ಮೊದಲ ದಿನ ನೀರು ಮುಟ್ಟಿಸಲಿಲ್ಲ. ಅಕ್ಕನ ಮಗನ ಮುಖ ಸಣ್ಣದಾಯಿತು, ನನಗೆ ಒಳಗೊಳಗೇ ಖುಷಿ. ಸೊಂಟಕ್ಕೆ ಹಾರ್ನೆಸ್ ಕಟ್ಟಿ, ಅದರ ಕೊಕ್ಕೆಗೆ ಪಟದ ದಾರಗಳು ಸೇರುವ ಹಿಡಿಕೋಲಾದ ಬಾರ್‌ನ ಬಳೆ ಸಿಕ್ಕಿಸಿ, ಪಟವೇ ಇಲ್ಲದೆ ನಿಲ್ಲಿಸಿದ. ಬಳೆಯ ಮೇಲೆ ಕೆಂಪು ಹಿಡಿ. ಅದನ್ನು ಮುಂದಕ್ಕೆ ತಳ್ಳಿದರೆ ಟಕ್ ಎಂದು ಬಳೆ ಬಿಚ್ಚಿ ಬಾರ್ ಕೈಯಿಂದ ಹೋಗುತ್ತದೆ. ಪಟ ಆಗ ಒಂದೇ ದಾರದಲ್ಲಿ ನೇತಾಡಿ, ಗಾಳಿ ಹಿಡಿಯುವ ಶಕ್ತಿ ಕಳೆದುಕೊಂಡು ಬಟ್ಟೆಯಂತೆ ಬೀಳುತ್ತದೆ. ಇದನ್ನು ಇಪ್ಪತ್ತು ಸಲ ಮಾಡಿಸಿದ. ಆಮೇಲೆ ಕಣ್ಣು ಮುಚ್ಚಿ. ಆಮೇಲೆ ಎಡಗೈಯಲ್ಲಿ, ನಡುವೆ ತಾನು ಹಿಂದಿನಿಂದ ಹಾರ್ನೆಸ್ ಹಿಡಿದು ಜಗ್ಗುತ್ತ. ಎಳೆತ ಇರುವಾಗ ಮನುಷ್ಯನ ಕೈ ಬಿಡುವುದಿಲ್ಲ, ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಅದು ನನಗೆ ಅವತ್ತೇ ಗೊತ್ತಾದದ್ದು.

ಇನ್ನೊಂದು ಬಿಡುಗಡೆಯೂ ಉಂಟು, ಪಟವನ್ನು ಆ ಒಂದೇ ದಾರದಲ್ಲಿ ಹಿಡಿದಿಡಲು ಹಾರ್ನೆಸ್‌ಗೆ ಕಟ್ಟಿದ ಲೀಶ್‌ನದ್ದು. ಅದನ್ನೂ ಬಿಚ್ಚಿದರೆ ಪಟ ಪೂರ್ತಿ ನಿಮ್ಮಿಂದ ಬಿಟ್ಟುಹೋಗುತ್ತದೆ. ನಾನು ಹುರುಪಿನಲ್ಲಿ ಎರಡನ್ನೂ ಒಟ್ಟಿಗೆ ಬಿಚ್ಚಿದೆ. ಹುಡುಗ ನಗಲಿಲ್ಲ. "ಬಾಯ್ (ಅಕ್ಕ), ಮೊದಲನೆಯದು ನಿಮ್ಮ ಜೀವಕ್ಕೆ, ಯೋಚನೆ ಬೇಡ. ಎರಡನೆಯದಕ್ಕೆ ಕೈ ಹಾಕುವಾಗ ಗಾಳಿ ಹೋಗುವ ಕಡೆ ಯಾರಿದ್ದಾರೆ ನೋಡಬೇಕು" ಅಂದ. ಸೂತ್ರ ಹರಿದ ಗಾಳಿಪಟ ಎಂದು ನಾವು ಮಾತಿಗೆ ಹೇಳುತ್ತೇವಲ್ಲ, ಇಲ್ಲಿ ಅದು 12 ಚದರ ಮೀಟರಿನದ್ದು, ಹಿಂದೆ 24 ಮೀಟರ್ ಉದ್ದದ ನಾಲ್ಕು ದಾರ ಎಳೆದುಕೊಂಡು ಮಕ್ಕಳಿರುವಲ್ಲಿಗೆ ಹೋಗುವಂಥದ್ದು.

ಆಮೇಲೆ ಮರಳಿನ ಮೇಲೆ ಕೋಲಿನಿಂದ ಗೆರೆ ಎಳೆದು ಎಂಟು ಗೆರಟೆ ಜೋಡಿಸಿದ. ಗೆರಟೆ ಅಂದರೆ ಈಜುವವರು. ಒಂದು ಕಡ್ಡಿ ಸವಾರ, ಕಡ್ಡಿಗೆ ಕಟ್ಟಿದ ನೂಲಿನ ತುದಿಯಲ್ಲಿ ಬೀಡಿ ಕಟ್ಟಿನ ಕಾಗದ. ಪಟ ಯಾವಾಗಲೂ ಸವಾರನಿಂದ ಗಾಳಿ ಹೋಗುವ ಕಡೆಗೇ ಇರುತ್ತದೆ. ಹಾಗಾಗಿ ಸವಾರ ಈಜುವವರಿಂದ ಗಾಳಿ ಬರುವ ಕಡೆ ಹಾದರೆ ಪಟವೂ ದಾರವೂ ಅವರ ತಲೆಯ ಮೇಲೆ. ಗಾಳಿ ಹೋಗುವ ಕಡೆ ಹಾದರೆ, ಬಿದ್ದರೂ ಪಟ ಆಚೆಗೇ ಬೀಳುತ್ತದೆ. ಆದರೆ ಅಶ್ವೇಂನ ಮಧ್ಯಾಹ್ನದ ಗಾಳಿ ವಾಯವ್ಯದ್ದು. ಕಡಲಿಗೆ ಮುಖ ಮಾಡಿ ನಿಂತರೆ ಬಲಗಡೆಯಿಂದ ಓರೆಯಾಗಿ ದಡಕ್ಕೆ ಬೀಸುತ್ತದೆ. ಅಂದರೆ ಸವಾರ ಎಷ್ಟೇ ಸಭ್ಯನಾಗಿ ಆಳದಲ್ಲಿದ್ದರೂ ಸೊಂಟಮಟ್ಟದ ನೀರಿನಲ್ಲಿರುವವರು ಅವನ ಗಾಳಿದಾರಿಯಲ್ಲೇ ಇರುತ್ತಾರೆ. ಅದಕ್ಕೇ ದೂರ ಬೇಕು: ಎರಡು ದಾರದ ಉದ್ದ, ಲೆಕ್ಕಕ್ಕೆ 50 ಮೀಟರ್. ಹುಡುಗ ಕಾಗದ ಬೀಳಿಸಿ ತೋರಿಸಿದ. ಮೂರನೇ ಗೆರಟೆಯ ಮೇಲೆ ಬಿತ್ತು. ನನ್ನ ತೋಳಿನ ಗೆರೆಯ ಕಾರಣ ಅಲ್ಲಿ ನನಗೆ ಸಿಕ್ಕಿತು.

ಈ ಶಾಲೆಗೆ ನಾನು ಅಂಕ ಕೊಡುವುದು ಮುಖ್ಯವಾಗಿ ಜಾಗ ಆರಿಸಿದ್ದಕ್ಕೆ. ಜೀವರಕ್ಷಕರು ಈಜಲು ಕೆಂಪು-ಹಳದಿ ಬಾವುಟ ನೆಟ್ಟ ಜಾಗದಿಂದ ಇವರ ಗುಡಿಸಲು ದಕ್ಷಿಣಕ್ಕೆ, ಅಂದರೆ ಗಾಳಿ ಹೋಗುವ ಕಡೆ. ಕಲಿಯುವವರು ಗಾಳಿಯೊಂದಿಗೆ ತೇಲಿಹೋಗುವುದೇ ಹೆಚ್ಚು, ಹೋದರೂ ಖಾಲಿ ಮರಳಿನ ಕಡೆಗೆ.

ಎರಡನೇ ದಿನ ಬೋರ್ಡ್ ಇಲ್ಲದೆ ಪಟದ ಎಳೆತಕ್ಕೆ ಹೊಟ್ಟೆಯ ಮೇಲೆ ನೀರಿನಲ್ಲಿ ಹೋಗುವ ಪಾಠ. ಗಾಳಿ 15 ನಾಟ್, ಗಂಟೆಗೆ ಸುಮಾರು 28 ಕಿ.ಮೀ. ಅರ್ಧ ಲೀಟರ್ ಉಪ್ಪುನೀರು ಕುಡಿದಿರಬೇಕು. ನಡುವೆ ಮೀನುಗಾರರು ರಾಪಣ ಎಳೆಯಲು ಬಂದರು, ನಮ್ಮ ಕಡೆಯ ಕೈರಂಪಣಿಯೇ ಅದು. ಹುಡುಗ ಸೀಟಿ ಊದಿ ಶಾಲೆಯ ಪಟಗಳನ್ನೆಲ್ಲ ಇಳಿಸಿದ. ಬಲೆ ದಡಕ್ಕೆ ಬರುವವರೆಗೆ 40 ನಿಮಿಷ ಕೂತೆವು. ಒಬ್ಬ ಪ್ರವಾಸಿ ಗೊಣಗಿದ. ಹೋದ ಸಮಯವನ್ನು ಕೊನೆಗೆ ಸೇರಿಸಿ ಕೊಟ್ಟರು. ಆ 40 ನಿಮಿಷದಲ್ಲಿ ನಾನೂ ಹೋಗಿ ಹಗ್ಗಕ್ಕೆ ಕೈ ಹಾಕಿದೆ, ಎರಡು ಬಂಗುಡೆ ಸಿಕ್ಕಿತು.

ಅದೇ ಹೊತ್ತಿಗೆ ಉತ್ತರದಲ್ಲಿ ಬಾಡಿಗೆ ಪಟ ತಂದ ಇಬ್ಬರು ಈಜುವವರಿಂದ ಗಾಳಿ ಬರುವ ಕಡೆ ಪಟ ಎಬ್ಬಿಸತೊಡಗಿದರು. ನಮ್ಮ ಹುಡುಗ ಓಡಿಹೋಗಿ ತಿಳಿಹೇಳಿದ. ಒಬ್ಬ ಕೇಳಿದ, ಇನ್ನೊಬ್ಬ ಕೇಳಲಿಲ್ಲ. ಜೀವರಕ್ಷಕ ಬಂದ ಮೇಲೆ ಆತನೂ ಕೆಳಗೆ ಬಂದ.

ಈಗ ದೂರುಗಳು. ಹೆಲ್ಮೆಟ್‌ಗಳಿಗೆ ಒಣಮೀನಿನ ವಾಸನೆ, ಪಟ್ಟಿಗಳು ಸಡಿಲ. ಇದು ಸಣ್ಣದು. ದೊಡ್ಡದು ದಡದ ಮೇಲಿನದ್ದು: ದಾರಗಳನ್ನು ಮರಳಿನ ಮೇಲೆ ಹಾಸಿಟ್ಟು ಜನ ಓಡಾಡಲು ಬಿಡುತ್ತಾರೆ. ಸುತ್ತ ಒಂದು ತಡೆಹಗ್ಗ ಇಲ್ಲ, ಒಂದು ಎಚ್ಚರಿಕೆಯ ಬೋರ್ಡು ಇಲ್ಲ. ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬರು ಎಡವಿ ಮಂಡಿಯೂರಿದರು. ಪಟ ಆಗ ನೆಲದಲ್ಲಿತ್ತು, ಗಾಳಿಯಲ್ಲಿದ್ದಿದ್ದರೆ? ನೀರಿನಲ್ಲಿ ಇಷ್ಟು ಕಟ್ಟುನಿಟ್ಟಾಗಿರುವವರು ಮರಳಿಗೆ ಬಂದ ಕೂಡಲೇ ಮರೆಯುವುದು ಯಾಕೆ? ಮಾಲೀಕರಿಗೆ ಹೇಳಿದೆ. ಬೋರ್ಡು ಬರೆಸಲು ಕೊಟ್ಟಾಗಿದೆ ಎಂದರು. ನಾವು ಹೊರಡುವವರೆಗೂ ಬಂದಿರಲಿಲ್ಲ.

ಪಣಂಬೂರು, ಮಲ್ಪೆ ಕಡೆ ಈಜುವ ನನ್ನಂಥವರಿಗೆ ಒಂದು ವಿಷಯ. ಪಟ ಪಕ್ಕದಲ್ಲಿ ಬಿದ್ದರೆ ಸಹಾಯ ಮಾಡಲು ಹೋಗಿ ದಾರ ಹಿಡಿಯಬೇಡಿ. ಪಟದ ಅಂಚಿನಲ್ಲಿ ಗಾಳಿ ತುಂಬಿದ ಕೊಳವೆ ಇರುತ್ತದೆ, ಫ್ರಾನ್ಸಿನ ಲೆಗೆನ್ಯೂ ಸಹೋದರರು 1984ರಲ್ಲಿ ಪೇಟೆಂಟ್ ಮಾಡಿಸಿದ ಉಪಾಯ. ಅದರಿಂದಲೇ ಪಟ ಮುಳುಗುವುದಿಲ್ಲ, ಅದರಿಂದಲೇ ಸತ್ತ ಹಾಗೆ ಬಿದ್ದದ್ದು ಕ್ಷಣದಲ್ಲಿ ಎದ್ದು ಹಾರುತ್ತದೆ. ಬೆರಳು ದಾರದ ನಡುವೆ ಇದ್ದರೆ ಬೆರಳಿನ ಕತೆ ಮುಗಿಯಿತು. ಸುಮ್ಮನೆ ದಾರಗಳಿಂದ ದೂರ ಈಜಿ. ನಾನೀಗ ಕಿತ್ತಳೆ ಬಣ್ಣದ ಟೋಪಿ ಹಾಕುತ್ತೇನೆ, ಅಲೆಯ ನಡುವೆ ಕಪ್ಪು ತಲೆ ಸವಾರನಿಗೆ ಕಾಣುವುದೇ ಇಲ್ಲವಂತೆ.

ಐದರಲ್ಲಿ ನಾಲ್ಕು. ಹಗ್ಗ ಕಟ್ಟಿದ ದಿನ ಉಳಿದ ಒಂದನ್ನೂ ಕೊಡುತ್ತೇನೆ. ಮೂರನೇ ದಿನ ಅರ್ಧದಲ್ಲೇ ಗಾಳಿ ನಿಂತಿತು, ಒಂದೂವರೆ ಗಂಟೆ ಬಾಕಿ, ಏಪ್ರಿಲ್ ಒಳಗೆ ಬಂದು ಮುಗಿಸಬಹುದು ಎಂದಿದ್ದಾರೆ. "ನಿಮಗೆ ಹೇಗೂ ಬೇಡ, ನನಗೆ ಕೊಡಿ ಚಿಕ್ಕಮ್ಮ" ಎಂದು ಅಕ್ಕನ ಮಗ ದಿನಾ ಫೋನು. ಕೊಡುವುದಿಲ್ಲ. ಬೋರ್ಡಿನ ಮೇಲೆ ನಾನಿನ್ನೂ ಎದ್ದು ನಿಂತಿಲ್ಲ.